ಪ್ರಶ್ನೋತ್ತರ: ನಾಲ್ಕು ರೆಡ್ ಇಂಕ್ ಎಂಟ್ರಿ ಅಂತ ಶೋಕಾಸ್ ನೋಟಿಸ್ ಬಂದೈತಿ, ಏನ್ ಮಾಡ್ಬೇಕ್ರೀ?

ಪ್ರಶ್ನೆ (ಬೈಲಹೊಂಗಲ ಕಡೆಯಿಂದ): ವಕೀಲ್ ಸಾಹೇಬ್ರ ನಮಸ್ಕಾರ್ರೀ. ನಮ್ಮ ಮನಿಯವ್ರು ಆರ್ಮಿಯೊಳಗ ನಾಯಕ್ ಅದಾರ, ಸರ್ವಿಸ್ 13 ವರ್ಷ ಆತು. ಮಗಳಿಗೆ ಹುಷಾರಿಲ್ದಾಗ ಎರಡು ಸಲ ರಜಾ ಮುಗದ್ರೂ ವಾಪಸ್ ಹೋಗಾಕ ಆಗ್ಲಿಲ್ಲ, ಅದಕ್ಕ ಎರಡು ರೆಡ್ ಇಂಕ್ (ಶಿಕ್ಷೆ ಆದಾಗ ಸರ್ವಿಸ್ ದಾಖಲೆಯೊಳಗ ಕೆಂಪು ಶಾಯಿಲೆ ಬರಿಯೋ ಎಂಟ್ರಿ), ಹಳೇವು ಎರಡು ಇದ್ವು, ಈಗ ನಾಲ್ಕು ಆಗ್ಯಾವ, ನಿಮ್ಮನ್ನ ಯಾಕ ಡಿಸ್ಚಾರ್ಜ್ ಮಾಡಬಾರದು (ಅಂದ್ರ ನೌಕರಿಯಿಂದ ಯಾಕ ತಗೀಬಾರದು) ಅಂತ ನೋಟಿಸ್ ಕೊಟ್ಟಾರ. ಕ್ಲರ್ಕ್ ಒಬ್ರು "ಮನೆ ಪರಿಸ್ಥಿತಿ ಸರಿ ಇರಲಿಲ್ಲ, ಕ್ಷಮಿಸಿ ಅಂತ ಒಂದು ಲೈನ್ ಬರದು ಸೈನ್ ಮಾಡು, ಸಾಕು" ಅಂದಾರಂತ. ಪೆನ್ಷನ್ನಿಗೆ ಇನ್ನ ಎರಡು ವರ್ಷ ಬೇಕು. ನೋಟಿಸ್ ಫೋಟೋ ಹಾಕ್ಲೇನ್ರೀ?

ಉತ್ತರ: ತಂಗಿ, ಫೋಟೋ ಗ್ರೂಪಲ್ಲಿ ಹಾಕ್ಬೇಡಿ, ಅದ್ರಲ್ಲಿ ಆರ್ಮಿ ನಂಬರ್, ಯುನಿಟ್ ಹೆಸ್ರು ಎಲ್ಲಾ ಇರತ್ತೆ. ನನಗೆ ಮಾತ್ರ ಕಳಿಸಿ.

ಆ ಒಂದು ಲೈನ್ ಉತ್ತರ ಮಾತ್ರ ಖಂಡಿತ ಬೇಡ, ಯಜಮಾನ್ರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಯಾಕಂದ್ರೆ ಇದು ಆರ್ಮಿ ರೂಲ್ 13ರ ಕೆಳಗೆ ಬರೋ ಡಿಸ್ಚಾರ್ಜ್, ಕೋರ್ಟ್ ಮಾರ್ಷಲ್ (ಸೇನೆಯೊಳಗಿನ ಕೋರ್ಟ್ ವಿಚಾರಣೆ) ಅಲ್ಲ, ಇಲ್ಲಿ ಸಾಕ್ಷಿ ವಿಚಾರಣೆ ಅಂತೆಲ್ಲ ದೊಡ್ಡದಾಗಿ ನಡೆಯಲ್ಲ, ಬ್ರಿಗೇಡ್ ಕಮಾಂಡರ್ ಮುಂದೆ ಹೋಗೋದು ಫೈಲು, ಆ ಫೈಲಲ್ಲಿ ನಿಮ್ಮ ಪರವಾಗಿ ಮಾತಾಡೋದು ಈ ಉತ್ತರ ಒಂದೇ.

ನಾಲ್ಕು ಎಂಟ್ರಿ ಆದ್ರೆ ಮನೆಗೆ ಕಳಿಸ್ಲೇಬೇಕು ಅಂತ ಕಾನೂನಿಲ್ಲ. 1988ರ ಡಿಸೆಂಬರ್ 28ರ ಆರ್ಮಿ ಹೆಡ್‌ಕ್ವಾರ್ಟರ್ಸ್ ಪತ್ರದ ಪ್ರಕಾರ ಮೊದಲು ಪ್ರಾಥಮಿಕ ವಿಚಾರಣೆ ಆಗ್ಬೇಕು, ಎಷ್ಟು ವರ್ಷ ಸರ್ವಿಸ್, ಎಂಥಾ ಕಷ್ಟದ ಜಾಗದಲ್ಲಿ ಡ್ಯೂಟಿ ಮಾಡಿದಾನೆ, ಪೆನ್ಷನ್ನಿಗೆ ಎಷ್ಟು ಹತ್ರ ಇದಾನೆ ಎಲ್ಲಾ ನೋಡ್ಬೇಕು. ವೀರೇಂದ್ರ ಕುಮಾರ್ ದುಬೆ ಕೇಸಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹಿಡಿದು, ಬರೀ ನಾಲ್ಕು ಎಂಟ್ರಿ ಅಂತ ತೆಗೆದಿದ್ದು ತಪ್ಪು ಅಂತು, ಪೆನ್ಷನ್ ಅರ್ಹತೆ ತುಂಬೋವರೆಗೂ ಸರ್ವಿಸಲ್ಲಿದ್ದ ಹಾಗೇ ಲೆಕ್ಕ ಅಂತ ಆರ್ಡರ್ ಆಯ್ತು.

ಇದನ್ನ ಓದಿ ಎಷ್ಟೋ ಜನ ಗೆದ್ವಿ ಅಂದ್ಕೊಂಡು ಬಿಡ್ತಾರೆ, ಆದ್ರೆ 2019ರಲ್ಲಿ ಸತ್ಗುರ್ ಸಿಂಗ್ ಕೇಸಲ್ಲಿ ಅದೇ ಸುಪ್ರೀಂ ಕೋರ್ಟ್ ಡಿಸ್ಚಾರ್ಜನ್ನ ಎತ್ತಿಹಿಡೀತು. ಅವರ ನೋಟಿಸ್ ಉತ್ತರದಲ್ಲಿ ಮನೆ ಪರಿಸ್ಥಿತಿ ಅಂತ ಬಿಟ್ರೆ ವಿವರ ಏನೂ ಇರ್ಲಿಲ್ಲ. ನಿಮ್ಮ ಕ್ಲರ್ಕ್ ಬರೀ ಅಂದಿದ್ದು ಅದನ್ನೇ ನೋಡಿ.

ಹಾಗಾಗಿ ಮಗಳ ಆಸ್ಪತ್ರೆ ಅಡ್ಮಿಷನ್ ಕಾರ್ಡು, ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿ, ಬಿಲ್ಲು ಎಲ್ಲಾ ತೆಗೀರಿ, ಒಂದೊಂದರ ತಾರೀಕೂ ಅವರು ಗೈರಾದ ದಿನಗಳ ಪಕ್ಕ ಇಟ್ಟು ಬರೀಬೇಕು, ಆಗ ಯುನಿಟ್ಟಿಗೆ ಫೋನ್ ಮಾಡಿ ರಜಾ ಎಕ್ಸ್‌ಟೆನ್ಶನ್ ಕೇಳಿದ್ರೆ ಆ ಕಾಲ್ ರೆಕಾರ್ಡು, ಮೆಸೇಜು ಇದ್ರೆ ಸ್ಕ್ರೀನ್‌ಶಾಟು. ಫೀಲ್ಡ್ ಏರಿಯಾದಲ್ಲಿ ಎಷ್ಟು ವರ್ಷ ಇದ್ರು, ಯಾವ್ ಮೆಡಲ್ ಇದೆ ಅನ್ನೋದೂ ಬರ್ಲಿ. ಹಳೇ ಎರಡು ಎಂಟ್ರಿ ಯಾವ ವರ್ಷದ್ದು, ಯಾವ ಶಿಕ್ಷೆ ಅಂತ ದಾಖಲೆ ಪ್ರತಿ ಬರವಣಿಗೆಯಲ್ಲಿ ಕೇಳ್ಲಿ. ಗಡುವು ಸಾಲ್ದಿದ್ರೆ ಮುಗಿಯೋದ್ರೊಳಗೇ ಟೈಮ್ ಕೇಳಿ ಅರ್ಜಿ ಕೊಡ್ಲಿ, ರಿಸೀವ್ಡ್ ಅಂತ ಸೈನ್ ಹಾಕಿಸ್ಕೊಳ್ಳಿ.

ನಿವೃತ್ತ ಸುಬೇದಾರ್ ಒಬ್ರು: ವಕೀಲ್ರು ಹೇಳಿದ್ದು ಖರೆ. ತಂಗಿ, ಅವ್ರಿಗೆ ಹೇಳ್ರಿ, ಸಿಟ್ಟಿನ್ಯಾಗ ಯುನಿಟ್ ಬಿಟ್ಟು ಬರಬಾರದು, ಮತ್ತ ಗೈರಾದ್ರ ಐದನೇದು ಬೀಳ್ತೇತಿ. ಸಾಹೇಬ್ರ, ಆರ್ಡರ್ ಆಗೇ ಬಿಟ್ರ ಧಾರವಾಡ ಹೈಕೋರ್ಟಿಗೆ ಹೋಗಬಹುದೇನ್ರೀ?

ಉತ್ತರ: ಸುಬೇದಾರ್ ಸಾಹೇಬ್ರೇ, ಮೊದಲು ಆರ್ಮಿ ಆಕ್ಟ್ ಸೆಕ್ಷನ್ 26ರಲ್ಲಿ ಸ್ಟ್ಯಾಚುಟರಿ ಕಂಪ್ಲೇಂಟ್ (ಆರ್ಮಿ ಮೇಲಧಿಕಾರಿಗಳಿಗೇ ಕೊಡೋ ದೂರು), ಆಮೇಲೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, ಅಂದ್ರೆ ಸೈನಿಕರ ಸರ್ವಿಸ್ ಕೇಸು ನೋಡೋ ನ್ಯಾಯಮಂಡಳಿ. ಕರ್ನಾಟಕಕ್ಕೆ ಕೊಚ್ಚಿ ಬೆಂಚು, ಸರ್ವಿಸಿಂದ ಹೊರಗೆ ಬಂದ್ಮೇಲೆ ಊರಲ್ಲಿದ್ರೆ ಅಲ್ಲೇ ಹಾಕ್ಬಹುದು. ಕಂಪ್ಲೇಂಟಿಗೆ ಆರು ತಿಂಗಳಾದ್ರೂ ಉತ್ತರ ಬರ್ದಿದ್ರೆ ಕಾಯ್ತಾ ಕೂರೋದು ಬೇಡ, ತಡ ಮಾಡ್ದೆ ಟ್ರಿಬ್ಯುನಲ್ಲಿಗೆ ಹೋಗಿ. ಅಲ್ಲಿ ಸೋತ್ರೆ ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕೋ ದಾರಿ ಇದೆ, 2023ರಲ್ಲಿ ಪರಶೋತ್ತಮ್ ದಾಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆದೇ ಇದೆ ಅಂದಿದೆ.

ಪ್ರಶ್ನೆ ಕೇಳಿದವರು: ಆಸ್ಪತ್ರೆ ಫೈಲ್ ಮನ್ಯಾಗ ಐತ್ರೀ. ಬಿಲ್ ಕೆಲವು ಸಿಗವಲ್ವು.

ಉತ್ತರ: ಆಸ್ಪತ್ರೆ ಮೆಡಿಕಲ್ ರೆಕಾರ್ಡ್ ಸೆಕ್ಷನ್ನಿಗೆ ಮಗಳ ಹೆಸ್ರು, ಅಡ್ಮಿಟ್ ಆದ ತಾರೀಕು ಬರೆದು ಅರ್ಜಿ ಕೊಡಿ, ನಕಲು ಕೊಡ್ತಾರೆ. ನಾಳೆ ಬೆಳಗ್ಗೆನೇ ಹೋಗಿ, ಇದ್ದಷ್ಟು ಪೇಜನ್ನ ಇವತ್ತು ರಾತ್ರಿ ನನಗೆ ಕಳಿಸಿ, ಡ್ರಾಫ್ಟ್ ಶುರು ಮಾಡ್ತೀನಿ.