ಸೈಕಲ್ ಹುಡುಗರ ಮೀನಖಂಡ ಮತ್ತು ಎಂಆರ್‌ಐ ಮೆಷಿನ್: ಮಾಡಿ ನೋಡಿದವರು ಹೇಳಿ

ಕೇಳಿದವರು: ಫಿಸಿಯಾಲಜಿ ಪಿಜಿ, ವಿಜಯಪುರ

ನಮಸ್ಕಾರ. ನಮ್ಮೂರಲ್ಲಿ ಸೈಕಲ್ ರೇಸ್ ಹುಡುಗರಿಗೆ ಬರವಿಲ್ಲ. ದಣಿದ ಮೇಲೆ ಅವರ ಸ್ನಾಯು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಅಂತ ಎಂಆರ್ ಸ್ಪೆಕ್ಟ್ರೋಸ್ಕೋಪಿಯಲ್ಲಿ (ಎಂಆರ್‌ಐ ಮೆಷಿನ್‌ನಲ್ಲೇ ದೇಹದೊಳಗಿನ ರಾಸಾಯನಿಕಗಳನ್ನು ಅಳೆಯೋ ವಿಧಾನ) ನೋಡಿ ಥೀಸಿಸ್ ಮಾಡೋ ಆಸೆ. ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆಯುತ್ತೇನೆ ಅಂದರೆ ಯಾರೂ ಬರಲ್ಲ. ಹತ್ತಿರದಲ್ಲೇ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಎಂಆರ್‌ಐ ಮೆಷಿನ್ ಇದೆ, ಸ್ಪೆಕ್ಟ್ರೋಸ್ಕೋಪಿ ಸಾಫ್ಟ್‌ವೇರೂ ಇದೆಯಂತೆ. ಇಷ್ಟು ಸಾಕಾ?

ಎಂಆರ್‌ಐ ಟೆಕ್ನಿಷಿಯನ್, ಬೆಳಗಾವಿ

ಸಾಕಾಗಲ್ಲ ಡಾಕ್ಟ್ರೇ. ಅದು ಹೆಚ್ಚಾಗಿ ಮಿದುಳಿನ ಗಡ್ಡೆ ನೋಡೋ ಹೈಡ್ರೋಜನ್ ಸ್ಪೆಕ್ಟ್ರೋಸ್ಕೋಪಿ ಇರುತ್ತದೆ. ನಿಮಗೆ ಬೇಕಿರೋದು ಫಾಸ್ಫರಸ್, ಸ್ನಾಯುವಿನ ಶಕ್ತಿಯ ರಾಸಾಯನಿಕಗಳಲ್ಲಿ ಇರೋದು ಅದು. 3 ಟೆಸ್ಲಾದಲ್ಲಿ ಹೈಡ್ರೋಜನ್ ಸಿಗೋದು ಸುಮಾರು 128 ಮೆಗಾಹರ್ಟ್ಸ್‌ನಲ್ಲಿ, ಫಾಸ್ಫರಸ್ ಸುಮಾರು 52ರಲ್ಲಿ. ರೇಡಿಯೋದಲ್ಲಿ ಬೇರೆ ಸ್ಟೇಷನ್ ಇದ್ದ ಹಾಗೆ. ಆದರೆ ಸುಮ್ನೆ ಕಿವಿ ತಿರುವಿದರೆ ಬರಲ್ಲ. ಅದಕ್ಕೆ ಆಂಪ್ಲಿಫೈಯರೇ ಬೇರೆ, ಸಿಗ್ನಲ್ ಹಿಡಿಯೋ ಆಂಟೆನಾ, ಅಂದರೆ ಕಾಯಿಲ್ ಕೂಡ ಬೇರೆ. ಕಂಪನಿ ಎಂಜಿನಿಯರ್‌ಗೆ ಒಂದೇ ಮಾತು ಕೇಳಿ: ಮಲ್ಟಿನ್ಯೂಕ್ಲಿಯರ್ ಆಪ್ಷನ್ (ಹೈಡ್ರೋಜನ್ ಅಲ್ಲದೆ ಬೇರೆ ಧಾತುಗಳನ್ನೂ ನೋಡೋ ಸೌಲಭ್ಯ) ಹಾಕಿದೆಯಾ? ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನನಗೆ ಗೊತ್ತಿರೋರೊಬ್ಬರು ಎಥಿಕ್ಸ್ ಕಮಿಟಿ ಒಪ್ಪಿಗೆಯೆಲ್ಲ ಆದ ಮೇಲೆ ಇದನ್ನು ಕೇಳಿದರು. ಆರು ತಿಂಗಳು ನೀರಲ್ಲಿ ಹೋಯ್ತು.

ಫಿಸಿಯೋಥೆರಪಿಸ್ಟ್, ಬಾಗಲಕೋಟೆ

ಹೊರಗಿನ ಒಂದು ಲ್ಯಾಬಿನಲ್ಲಿ ಇಂಥದ್ದೇ ಕೆಲಸಕ್ಕೆ ಕೈಜೋಡಿಸಿದ್ದೆ. ಮೆಷಿನ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ಅಸಲಿ ತಲೆನೋವು ಪೆಡಲ್‌ದು. ಹುಡುಗ ಮಲಗಿಕೊಂಡೇ ತುಳಿಯಬೇಕು, ಅದರಲ್ಲಿ ಕಬ್ಬಿಣದ ಚೂರೂ ಇರಬಾರದು.

ನಾವು ಊರಲ್ಲೇ ಬಡಿಗೇರ ಅಣ್ಣನ ಹತ್ತಿರ ಸಾಗವಾನಿ ಹಲಗೆಯಲ್ಲಿ ಮಾಡಿಸಿದೆವು. ಮರದ ಗೂಟ, ಹಿತ್ತಾಳೆ ಸ್ಕ್ರೂ, ಬಿಗುವಿಗೆ ಸೈಕಲ್ಲಿನ ಹಳೇ ಟ್ಯೂಬ್. ವಾಲ್ವ್ ಕತ್ತರಿಸಿ ಎಸೆಯಿರಿ, ಒಳಗೆ ಉಕ್ಕಿನ ಸ್ಪ್ರಿಂಗ್ ಇರುತ್ತದೆ. ಒಯ್ಯುವ ಮುಂಚೆ ಕೈಮ್ಯಾಗ್ನೆಟ್ ಹಿಡಿದು ಇಂಚಿಂಚೂ ಸವರಿದೆ. ಹಿಮ್ಮಡಿ ಊರೋ ಕಡೆ ಟಕ್ ಅಂತ ಕಚ್ಚಿಕೊಂಡಿತು. ನೋಡಿದರೆ ಗಟ್ಟಿ ಇರಲಿ ಅಂತ ಅಣ್ಣ ಒಂದು ಮೊಳೆ ಹೊಡೆದು, ಮೇಲೆ ಪುಟ್ಟಿ ತುಂಬಿ ಪಾಲಿಶ್ ಮಾಡಿದ್ದ! ಕೇಳಿದರೆ, “ಮೊಳಿ ಇಲ್ಲದ ಸಾಮಾನು ಎಷ್ಟು ದಿನ ತಾಳತೈತ್ರಿ?” ಅಂದ. ಅವನದೂ ತಪ್ಪಲ್ಲ ಬಿಡಿ.

ಇನ್ನು ಭಂಗಿ. ಮೊಣಕಾಲು ನೇರ ಇದ್ದರೆ ಮೀನಖಂಡದ ಮೇಲ್ಪದರದ ಸ್ನಾಯು ಗ್ಯಾಸ್ಟ್ರೋಕ್ನೀಮಿಯಸ್ ಚೆನ್ನಾಗಿ ದುಡಿಯುತ್ತದೆ, ಮಡಚಿದರೆ ಕೆಲಸ ಅದರಡಿಯ ಸೋಲಿಯಸ್ ಪಾಲಿಗೆ ಹೋಗುತ್ತದೆ. ಕಾಯಿಲ್ ಮೀನಖಂಡದ ಕೆಳಗೆ ಕಟ್ಟುತ್ತೇವೆ, ಅದರ ಹತ್ತಿರದ ಸ್ನಾಯುವಷ್ಟೇ ಅದಕ್ಕೆ ಕಾಣೋದು. ಜೋರಾಗಿ ತುಳಿದಾಗ ಮೈಯೆಲ್ಲ ತಲೆ ಕಡೆಗೆ ಜಾರುತ್ತದೆ. ಸೊಂಟಕ್ಕೆ ಪಟ್ಟಿ ಬಿಗಿಯಿರಿ, ಚರ್ಮದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ. ಎರಡು ಸೆಕೆಂಡಿಗೊಂದು ತುಳಿತ, ಕಾಲು ಸಡಿಲ ಬಿಟ್ಟಾಗ ಸಿಗ್ನಲ್. ಈ ತಾಳ ಹೊರಗಡೆ ಬೆಂಚಿನ ಮೇಲೆಯೇ ಕಲಿಸಿ. ಒಳಗೆ ಹೋದ ಮೇಲೆ ಕಲಿಸೋಕಾಗಲ್ಲ.

ಬಯೋಕೆಮಿಸ್ಟ್ರಿ ಮೇಷ್ಟ್ರು, ಬೆಳಗಾವಿ

ತುಳಿಯುವಾಗ ಸಿಗ್ನಲ್ ಗ್ರಾಫಿನಲ್ಲಿ ಎಟಿಪಿಯ (ಸ್ನಾಯು ನೇರವಾಗಿ ಬಳಸೋ ಇಂಧನ) ಮೂರು ಶಿಖರಗಳು ಅಷ್ಟಾಗಿ ಕದಲಲ್ಲ, ಅದು ನೋಡಿ ಗಾಬರಿಯಾಗಬೇಡಿ. ಎಟಿಪಿಯನ್ನು ತಕ್ಷಣ ತುಂಬಿಕೊಡೋ ಫಾಸ್ಫೋಕ್ರಿಯಾಟಿನ್ ಇಳಿಯುತ್ತದೆ, ಬಿಡಿ ಫಾಸ್ಫೇಟ್ ಏರುತ್ತದೆ. ನಿಮಗೆ ಬೇಕಾದ ಉತ್ತರ ತುಳಿಯೋದು ನಿಲ್ಲಿಸಿದ ಮೇಲೆ ಸಿಗುತ್ತದೆ. ಆಗ ಫಾಸ್ಫೋಕ್ರಿಯಾಟಿನ್ ಮತ್ತೆ ತುಂಬಿಕೊಳ್ಳೋದು ಜೀವಕೋಶದ ಶಕ್ತಿಕೇಂದ್ರ ಮೈಟೋಕಾಂಡ್ರಿಯಾದ ದುಡಿಮೆಯಿಂದ. ಆರೋಗ್ಯವಂತ ಹುಡುಗರಲ್ಲಿ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಅರ್ಧ ನಿಮಿಷದ ಆಸುಪಾಸಿನಲ್ಲಿ ವಾಪಸ್ ಬರುತ್ತದೆ. ಪಳಗಿದ ಕಾಲಾದರೆ ಇನ್ನೂ ಬೇಗ.

ಹಾಗಂತ ಪೂರ್ತಿ ಸುಸ್ತು ಮಾಡಿಸಬೇಡಿ. ಪಿಎಚ್ 6.8ಕ್ಕಿಂತ ಕೆಳಗೆ ಹೋದರೆ ಆಮ್ಲದಿಂದಲೇ ಚೇತರಿಕೆ ನಿಧಾನವಾಗುತ್ತದೆ, ಮೈಟೋಕಾಂಡ್ರಿಯಾ ಮೇಲೆ ಸುಮ್ನೆ ಅಪವಾದ ಬರುತ್ತದೆ. ಪಿಎಚ್‌ಗೆ ಬೇರೆ ಪರೀಕ್ಷೆಯೂ ಬೇಡ. ಫಾಸ್ಫೇಟ್ ಶಿಖರ ಫಾಸ್ಫೋಕ್ರಿಯಾಟಿನ್ ಕಡೆಗೆ ಎಷ್ಟು ಸರಿಯಿತು ಅನ್ನೋದೇ ಲೆಕ್ಕ. 1981ರಲ್ಲಿ ಆಕ್ಸ್‌ಫರ್ಡ್‌ನ ಜಾರ್ಜ್ ರಡ್ಡಾ ತಂಡ ಮೆಕಾರ್ಡಲ್ ಕಾಯಿಲೆಯ ರೋಗಿಯಲ್ಲಿ ಇದನ್ನೇ ನೋಡಿತು. ಆ ಸ್ನಾಯುವಿಗೆ ಗ್ಲೈಕೋಜನ್ ಒಡೆಯೋಕೆ ಬರಲ್ಲ. ಹಾಗಾಗಿ ದುಡಿದರೂ ಆಮ್ಲ ಏರಲೇ ಇಲ್ಲ. ಎಂಥಾ ಚೆಂದದ ಪುರಾವೆ ಅಲ್ವಾ!

ಫಾಸ್ಫರಸ್ ಸಿಗದಿದ್ದರೆ ನಿಯರ್ ಇನ್‌ಫ್ರಾರೆಡ್ ಸೆನ್ಸರ್ (ಚರ್ಮದ ಮೂಲಕ ಬೆಳಕು ಹಾಯಿಸಿ ಸ್ನಾಯುವಿನ ಆಮ್ಲಜನಕ ಅಂದಾಜು ಮಾಡೋ ಸಾಧನ) ನೋಡಿ. ಚರ್ಮಕ್ಕೆ ಅಂಟಿಸಿ, ತುಳಿದ ಮೇಲೆ ತೊಡೆಗೆ ಕಟ್ಟಿದ ಪಟ್ಟಿಗೆ ಆಗಾಗ ಕೆಲವು ಸೆಕೆಂಡು ಗಾಳಿ ತುಂಬಿ ರಕ್ತ ತಡೆಯೋದು. ಆಮ್ಲಜನಕ ಎಷ್ಟು ವೇಗವಾಗಿ ಖರ್ಚಾಗುತ್ತದೆ ಅನ್ನೋದರಿಂದ ಇದೇ ಚೇತರಿಕೆ ಅಳೆಯಬಹುದು. ಚರ್ಮದಡಿ ಕೊಬ್ಬು ಜಾಸ್ತಿ ಇದ್ದರೆ ಕಷ್ಟ, ನಿಮ್ಮ ಹುಡುಗರಿಗೆ ಆ ಚಿಂತೆ ಇಲ್ಲ.

ಸೈಕ್ಲಿಂಗ್ ಕೋಚ್, ವಿಜಯಪುರ

ಮೇಡಂ, ನನ್ನದೊಂದು ಸಣ್ಣ ಮಾತು. ಬಿದ್ದು ಕಾಲರ್ ಬೋನ್ ಮುರಿದು ಪ್ಲೇಟ್ ಹಾಕಿಸಿಕೊಂಡ ಹುಡುಗರು ನಮ್ಮಲ್ಲಿದ್ದಾರೆ. ಕೇಳದಿದ್ದರೆ ಹೇಳಲ್ಲ. ಬೆಳಿಗ್ಗೆ ಲಾಂಗ್ ರೈಡ್ ಮುಗಿಸಿ ಸೀದಾ ನಿಮ್ಮ ಹತ್ತಿರ ಬಂದು “ರೆಸ್ಟ್ ಮಾಡೀನ್ರಿ” ಅನ್ನೋರೂ ಇದ್ದಾರೆ. ಹಿಂದಿನ ದಿನದ್ದು ನನ್ನನ್ನೇ ಕೇಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎಂಜಿನಿಯರ್‌ಗೆ ಬರೆದಿದ್ದೆ, ಉತ್ತರ ಬಂತು: ಹೈಡ್ರೋಜನ್ ಮಾತ್ರ. ಗೈಡ್ ಹತ್ತಿರ ಮಾತಾಡಿ ಸೆನ್ಸರ್ ದಾರಿಯನ್ನೇ ಹಿಡಿದಿದ್ದೇನೆ. ಬಾಗಲಕೋಟೆ ಅಕ್ಕಾ, ಆ ಪೆಡಲ್ ಅಳತೆ ಕಳಿಸ್ತೀರಾ? ಈಗ ಮೊಳೆ ಇದ್ದರೂ ನಡೆಯುತ್ತೆ.