ಬಿರಡೆ ಹಾಕಿದ್ಯೇನೋ?

ಹೋದ ವರ್ಷ ಮಂಡ್ಯ ಒಂದು ದೋಣಿ ತಗೊಂಡ. ಮಂಡ್ಯ ಅಂದರೆ ಊರಲ್ಲ, ನಮ್ಮ ಗೆಳೆಯ. ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಇಷ್ಟು ವರ್ಷವಾದರೂ ನಾವು ಒಬ್ಬರನ್ನೊಬ್ಬರು ಊರ ಹೆಸರಿನಲ್ಲೇ ಕರೆಯುವುದು. ನಾನು ತುಮಕೂರು. ಇನ್ನಿಬ್ಬರು ಕುಂದಾಪುರ, ಧಾರವಾಡ. ದೋಣಿ ಯಾಕೋ ನಿನಗೆ ಎಂದು ಕೇಳಿದ್ದಕ್ಕೆ ಮಂಡ್ಯ ತನ್ನ ಗಾಡಿಯ ನಂಬರ್ ಪ್ಲೇಟ್ ತೋರಿಸಿದ. ಮಿನೆಸೋಟ ರಾಜ್ಯದ ಪ್ಲೇಟಿನ ಮೇಲೆ '10,000 ಕೆರೆಗಳು' ಎಂದು ಬರೆದಿರುತ್ತದೆ. ಸರ್ಕಾರಿ ಲೆಕ್ಕ ಇನ್ನೂ ಜಾಸ್ತಿ, 11,842.

"ಇಷ್ಟು ಕೆರೆ ಇದ್ದೂ ದಡದಲ್ಲಿ ನಿಂತು ನೋಡೋದು ಅಂದ್ರೆ, ಮದುವೆ ಮನೆಗೆ ಹೋಗಿ ಊಟ ಮಾಡದೆ ಬಂದಂಗೆ ಕಣ್ಲಾ" ಅಂದ.

ಊಟ ಸಿಕ್ಕಿತು. ಎಲೆ ತುಂಬಾ ಸಿಕ್ಕಿತು.

ಈ ಗುರುವಾರ ರಾತ್ರಿ ಅವನ ಗ್ಯಾರೇಜಿನಲ್ಲಿ ಸೇರಿದ್ದೆವು. ಶನಿವಾರ ಮೀನಿನ ಸೀಸನ್ ಶುರು. ಮೇ ತಿಂಗಳ ನಡುವೆ ಬರುವ ಈ ದಿನ ಇಲ್ಲಿಯವರಿಗೆ ಊರ ಹಬ್ಬವಿದ್ದ ಹಾಗೆ. ವಾಲೈ ಎನ್ನುವ ಮೀನಿನ ಆಸೆಗೆ ಬೆಳಗಿನ ಜಾವವೇ ದೋಣಿ ಎಳೆದುಕೊಂಡು ಹೊರಡುತ್ತಾರೆ. ಧಾರವಾಡ ಗಿರ್ಮಿಟ್ ಕಲಸಿಕೊಂಡು ಬಂದಿದ್ದ. ಊರಿಂದ ಬಂದಿರುವ ಮಂಡ್ಯನ ಅಪ್ಪ, ನಮಗೆಲ್ಲ ಅಪ್ಪಾಜಿ, ಮಂಕಿ ಟೋಪಿ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನಡುವೆ ಟ್ರೇಲರ್ ಮೇಲೆ 17 ಅಡಿಯ ಸೆಕೆಂಡ್ ಹ್ಯಾಂಡ್ ಅಲ್ಯುಮಿನಿಯಂ ದೋಣಿ, ಮದುಮಗನ ಹಾಗೆ.

"ಮೊದಲು ಹೋದ ವರ್ಷದ ತಪ್ಪೆಲ್ಲ ನೆನಪು ಮಾಡ್ಕೊಳ್ಳೋಣ" ಎಂದೆ.

"ಒಂದ ರಾತ್ರಿ ಸಾಲೂದಿಲ್ಲೋ ಮಾರಾಯ" ಎಂದ ಧಾರವಾಡ.

ಬಿರಡೆಯಿಂದಲೇ ಶುರುವಾಯಿತು. ದೋಣಿಯ ಹಿಂಭಾಗದಲ್ಲಿ, ತಳದ ಹತ್ತಿರ, ಹೆಬ್ಬೆರಳು ತೂರುವಷ್ಟು ಒಂದು ತೂತು ಇರುತ್ತದೆ. ಒಳಗೆ ಸೇರಿದ ನೀರು ಹರಿದುಹೋಗಲಿ ಅಂತ. ನೀರಿಗೆ ಇಳಿಸುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು. ಯಾವಾಗಲೂ ಹಾಕೇ ಇಡಬಹುದಲ್ಲ ಅಂತೀರಾ? ಇಲ್ಲಿ ಹಾಗಿಲ್ಲ. ರಸ್ತೆಯ ಮೇಲೆ ದೋಣಿ ಎಳೆಯುವಾಗ ಬಿರಡೆ ತೆಗೆದಿರಬೇಕು ಅನ್ನುವುದು ಮಿನೆಸೋಟದ ಕಾನೂನು.

"ಅದ್ಯಾಕಪ್ಪಾ ಹಂಗೆ?" ಎಂದು ಅಪ್ಪಾಜಿ ಕೇಳಿದರು.

ಕುಂದಾಪುರ ಹೇಳಿದ. ಜೀಬ್ರಾ ಮಸಲ್ ಅಂತ ಒಂದು ಕಪ್ಪೆಚಿಪ್ಪಿನ ಜಾತಿ. ಉಗುರಿನಷ್ಟು ದೊಡ್ಡದು, ಮೈಮೇಲೆ ಪಟ್ಟೆ. ಮೂಲ ಊರು ಕ್ಯಾಸ್ಪಿಯನ್, ಕಪ್ಪು ಸಮುದ್ರದ ಕಡೆ. ಸರಕು ಹಡಗುಗಳ ಹೊಟ್ಟೆಯ ನೀರಿನಲ್ಲಿ ಕೂತು 1980ರ ದಶಕದಲ್ಲಿ ಇಲ್ಲಿನ ಮಹಾಸರೋವರಗಳಿಗೆ ಬಂತು. 2010ರಲ್ಲಿ ನಮ್ಮ ಪಕ್ಕದ ಮಿನೆಟೊಂಕಾ ಕೆರೆಯಲ್ಲೂ ಕಾಣಿಸಿಕೊಂಡಿತು. ಮರಿಗಳು ಕಣ್ಣಿಗೇ ಕಾಣುವುದಿಲ್ಲ. ದೋಣಿಯ ತಳದಲ್ಲಿ ಒಂದು ಚೊಂಬು ನೀರು ಉಳಿದರೂ ಸಾಕು, ಆ ಕೆರೆಯಿಂದ ಈ ಕೆರೆಗೆ ಹೊರಟುಬಿಡುತ್ತವೆ.

"ನಮಗಿಂತ ಮೊದಲ ಅದಕ್ಕ ಗ್ರೀನ್ ಕಾರ್ಡ್ ಸಿಕ್ಕೈತಿ ನೋಡ್ರಿ" ಎಂದ ಧಾರವಾಡ.

ಅಂತೂ ಬಿರಡೆ ತೆಗೆಸುವುದಕ್ಕೆ ಕಾನೂನಿದೆ. ಹಾಕಿಸುವುದಕ್ಕೆ ಯಾರೂ ಇಲ್ಲ. ಹೋದ ವರ್ಷ ದೋಣಿ ಇಳಿಸಿ, ಧಾರವಾಡ ಹತ್ತಿ ಕೂತು, ಎರಡು ನಿಮಿಷ ಆಗಿತ್ತು.

"ನನ್ನ ಸಾಕ್ಸ್ ಯಾಕೋ ತಣ್ಣಗ ಆಗಾಕತ್ತೈತಲ್ಲೋ."

"ಮೇ ತಿಂಗಳು ಕಣ್ಲಾ, ಚಳಿ ಇರ್ತದೆ" ಎಂದ ಮಂಡ್ಯ, ತುಂಬಾ ತಿಳಿದವನ ಹಾಗೆ.

ಇನ್ನೊಂದು ನಿಮಿಷಕ್ಕೆ ಮೀನಿನ ಎರೆಯ ಡಬ್ಬಿ ಧಾರವಾಡನ ಕಾಲಿನ ಹತ್ತಿರ ತೇಲಿಕೊಂಡು ಬಂತು. ದಡದಲ್ಲಿದ್ದ ಕುಂದಾಪುರ ಕೂಗಿದ: "ಹ್ವಾಯ್, ದೋಣಿ ಒಳಗೇ ಕೆರೆ ಬಂತಲ್ಲ ಮಾರಾಯಾ!"

ಟ್ರೇಲರ್ ಇನ್ನೂ ನೀರಿನಲ್ಲೇ ಇತ್ತು, ಬಚಾವ್. ದೋಣಿಯನ್ನು ಮತ್ತೆ ಅದರ ಮೇಲೆ ಕೂರಿಸಿದೆವು. ಮಂಡ್ಯ ಗಾಬರಿಯಲ್ಲಿ ಒಂದೇ ಸಲಕ್ಕೆ ಮೇಲಕ್ಕೆ ಎಳೆಯಲು ಹೊರಟ. ಪಕ್ಕದಲ್ಲಿದ್ದ ಒಬ್ಬ ಅಜ್ಜ ಕೈ ಅಡ್ಡ ಹಿಡಿದು ನಿಲ್ಲಿಸಿದರು. ನೀರು ತುಂಬಿದ ದೋಣಿ ಎಷ್ಟು ಭಾರ ಅಂದರೆ ಟ್ರೇಲರೇ ಮುರಿಯಬಹುದು. ಸ್ವಲ್ಪ ಎಳೆಯಬೇಕು, ನಿಲ್ಲಿಸಬೇಕು, ತೂತಿನಿಂದ ನೀರು ಸುರಿಯಲು ಬಿಡಬೇಕು. ಸುರಿಯಿತು. ಇಪ್ಪತ್ತು ನಿಮಿಷ ಸುರಿಯಿತು. ನಮ್ಮ ಹಿಂದೆ ಹನ್ನೊಂದು ಗಾಡಿ ಸಾಲು ನಿಂತಿತ್ತು. ಇಲ್ಲಿಯವರು ಬೈಯುವುದಿಲ್ಲ, ಸುಮ್ನೆ ನೋಡುತ್ತಾರೆ. ನಮ್ಮೂರಿನವರ ಹಾಗೆ ಎರಡು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಲ್ಲಾ, ಇಳಿಜಾರಲ್ಲಿ ನಿಂತ್ಕೊಂಡು ಯಾಕೆ ಇವೆಲ್ಲ ನೋಡ್ತೀರಿ?" ಎಂದರು ಅಪ್ಪಾಜಿ. "ಬಸ್ಸಿನ ಬಾಗಿಲಲ್ಲಿ ನಿಂತು ಚಿಲ್ಲರೆ ಹುಡುಕ್ದಂಗಾಯ್ತು. ಹಿಂದಿನೋರು ಏನ್ ಮಾಡಬೇಕು?"

ಇಡೀ ವಿದ್ಯೆ ಅಷ್ಟೇ ನೋಡಿ. ರ‍್ಯಾಂಪಿಗೆ ಅಂದರೆ ದೋಣಿಯನ್ನು ನೀರಿಗೆ ಇಳಿಸುವ ಕಾಂಕ್ರೀಟ್ ಇಳಿಜಾರಿಗೆ ಬರುವ ಮುಂಚೆ, ಪಾರ್ಕಿಂಗ್ ಜಾಗದಲ್ಲೇ ಎಲ್ಲ ಮುಗಿಸಿರಬೇಕು. ಬಿರಡೆ, ಬ್ಯಾಟರಿ, ಪೆಟ್ರೋಲ್, ಹಗ್ಗ, ಲೈಫ್ ಜಾಕೆಟ್. ಮಕ್ಕಳಿದ್ದರೆ ಅಲ್ಲೇ ಜಾಕೆಟ್ ತೊಡಿಸಿಬಿಡಬೇಕು. 10 ವರ್ಷದ ಒಳಗಿನವರಿಗೆ ಓಡುವ ದೋಣಿಯಲ್ಲಿ ಅದು ಕಡ್ಡಾಯ. ನಮ್ಮಂಥ ದೊಡ್ಡವರೂ ಹಾಕಿಕೊಂಡರೆ ಒಳ್ಳೆಯದು. ಆಗಷ್ಟೇ ಮಂಜು ಕರಗಿದ ನೀರಿಗೆ ಬಿದ್ದರೆ ಈಜು ಬರುವವನಿಗೂ ಉಸಿರು ಕಟ್ಟುತ್ತದೆ.

"ಹಿಂದಿನ ಪಟ್ಟಿ ಬಿಟ್ಟೆಯಲ್ಲೋ" ಎಂದ ಧಾರವಾಡ.

ಅದೊಂದು ಬೇರೆ ಕಥೆ. ದೋಣಿಯ ಹಿಂಭಾಗವನ್ನು ಟ್ರೇಲರಿಗೆ ಬಿಗಿದಿರುವ ಪಟ್ಟಿ ಬಿಚ್ಚದೆ ನೀರಿಗೆ ಇಳಿಸಿದ್ದೆವು. ದೋಣಿ ತೇಲಲಿಲ್ಲ. ಇನ್ನೂ ಹಿಂದೆ ಹೋಗು ಎಂದೆವು. ತೇಲಲಿಲ್ಲ. ಇನ್ನೂ ಹಿಂದೆ ಎಂದೆವು. ಗಾಡಿಯ ಹಿಂದಿನ ಚಕ್ರ ಮುಳುಗಿ, ಸೈಲೆನ್ಸರಿನಿಂದ ಗುಳುಗುಳು ಸದ್ದು ಬಂದ ಮೇಲೆ ಜ್ಞಾನೋದಯವಾಯಿತು.

ಹಾಗಂತ ಎಲ್ಲ ಪಟ್ಟಿಯನ್ನೂ ಪಾರ್ಕಿಂಗಿನಲ್ಲೇ ಬಿಚ್ಚಿದರೆ ಅದೂ ಕೆಟ್ಟಿತು. ಮುಂಭಾಗವನ್ನು ಹಿಡಿದಿರುವ ವಿಂಚ್ (ಹಿಡಿ ತಿರುಗಿಸಿ ದೋಣಿ ಎಳೆಯುವ ರಾಟೆ) ಪಟ್ಟಿ ಮತ್ತು ಸರಪಳಿ ದೋಣಿ ನೀರು ಮುಟ್ಟುವ ತನಕ ಇರಲೇಬೇಕು. ಹೋದ ಜುಲೈನಲ್ಲಿ ಒಬ್ಬ ಅವಸರದಲ್ಲಿ ಮೇಲೆಯೇ ಬಿಚ್ಚಿದ. ಅರ್ಧ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಟ್ರೇಲರ್ ನಿಂತಿತು, ದೋಣಿ ನಿಲ್ಲಲಿಲ್ಲ. ಹೊಳೆಯುವ ಹೊಸ ದೋಣಿ ಕಾಂಕ್ರೀಟಿನ ಮೇಲೆ ಕರ್ರೆಂದು ಜಾರಿ ಕೂತ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಅವನ ಹೆಂಡತಿ ಏನೂ ಮಾತಾಡದೆ ಹೋಗಿ ಕಾರಿನಲ್ಲಿ ಕೂತುಬಿಟ್ಟರು.

"ಅದಿರಲಿ, ರಿವರ್ಸ್ ಯಾರು ತಗೊಳ್ತೀರಿ?" ಎಂದು ಕುಂದಾಪುರ ಕೇಳಿದ. ಗ್ಯಾರೇಜ್ ತಣ್ಣಗಾಯಿತು.

ಹೋದ ವರ್ಷ ಮಂಡ್ಯ ರಿವರ್ಸ್ ತಗೊಂಡಾಗ ಟ್ರೇಲರ್ ಎಡಕ್ಕೆ ಹೋಯಿತು. ಎಡಕ್ಕೆ ಹೋಗಬಾರದು ಎಂದು ಬಲಕ್ಕೆ ತಿರುಗಿಸಿದ. ಇನ್ನೂ ಎಡಕ್ಕೆ ಹೋಯಿತು. ಕೊನೆಗೆ ಗಾಡಿ, ಟ್ರೇಲರ್ ಎರಡೂ ಮಡಚಿದ ಕತ್ತರಿಯಾದವು. ನಾವು ಮೂವರೂ ಸಹಾಯ ಮಾಡುತ್ತಿದ್ದೆವು. ಒಬ್ಬ 'ಕಟ್ ಮಾಡು', ಒಬ್ಬ 'ಉಲ್ಟಾ ಹೊಡಿ', ಒಬ್ಬ 'ಬರ್ಲಿ ಬರ್ಲಿ'. 'ಬರ್ಲಿ' ಎಂದವನು ನಾನು. ಬರಬಾರದಾಗಿತ್ತು.

ಅಪ್ಪಾಜಿ ಮಂಕಿ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟರು. ಮೂವತ್ತು ವರ್ಷ ಕಬ್ಬಿನ ಟ್ರೇಲರನ್ನು ಆಲೆಮನೆಯ ಬಾಗಿಲಿಗೆ ರಿವರ್ಸ್‌ನಲ್ಲಿ ಕೊಟ್ಟವರು ಅವರು. ಅದೂ ಕೆಸರಿನಲ್ಲಿ, ಕ್ಯಾಮೆರಾ ಇಲ್ಲದೆ, ಹಿಂದೆ ಯಾರದೋ ಎಮ್ಮೆ ಕಟ್ಟಿರುವಾಗ.

"ಸ್ಟೇರಿಂಗ್ ಮೇಲ್ಗಡೆ ಹಿಡೀಬ್ಯಾಡ" ಎಂದರು. "ಕೆಳಗಡೆ ಹಿಡಿ. ಗಡಿಯಾರದಲ್ಲಿ ಆರು ಗಂಟೆ ಇರ್ತದಲ್ಲ, ಅಲ್ಲಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸು. ಬಲಕ್ಕೆ ಹೋಗಬೇಕಾ, ಕೈ ಬಲಕ್ಕೆ. ಅಷ್ಟೇ."

ಧಾರವಾಡ ಗಿರ್ಮಿಟ್ ತಟ್ಟೆಯನ್ನೇ ಸ್ಟೀರಿಂಗ್ ಮಾಡಿ ತಿರುಗಿಸಿ ನೋಡಿದ. ಒಂದಿಷ್ಟು ಮಂಡಕ್ಕಿ ಚೆಲ್ಲಿತು. "ಖರೇ ಐತಲ್ಲೋ!" ಎಂದ.

"ಅಂಗುಲದ ಲೆಕ್ಕದಲ್ಲಿ ತಿರುಗಿಸು. ನಿಮ್ಮದು ಗಿಡ್ಡ ಟ್ರೇಲರು. ಉದ್ದದ್ದು ಯೋಚನೆ ಮಾಡಿ ತಿರುಗ್ತದೆ, ಗಿಡ್ಡದ್ದು ತಟ್ಟಂತ ತಿರುಗಿಬಿಡ್ತದೆ. ಸೊಟ್ಟ ಆಯ್ತಾ, ಸರಿ ಮಾಡಕ್ಕೆ ಹೋಗಬ್ಯಾಡ. ಮುಂದಕ್ಕೆ ಎಳಕೊಂಡು ನೆಟ್ಟಗೆ ಮಾಡ್ಕೊ, ಮತ್ತೆ ಬಾ. ಅದರಲ್ಲೇನೂ ನಾಚಿಕೆ ಇಲ್ಲ. ಮತ್ತೆ, ಹೇಳೋನು ಒಬ್ನೇ ಇರ್ಲಿ. ಮೂರು ಜನ ಕಂಡಕ್ಟರಿದ್ರೆ ಬಸ್ಸು ಗುಂಡಿಗೇ."

ಶುಕ್ರವಾರ ಸಂಜೆ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಪ್ರಾಕ್ಟೀಸ್ ಎಂದು ತೀರ್ಮಾನವಾಯಿತು.

"ಗಾಡಿಯಿಂದ ಇಳಿಯುವಾಗ ಚಕ್ರಕ್ಕೆ ಕಲ್ಲು ಕೊಡ್ತೀರಾ?" ಎಂದು ಅಪ್ಪಾಜಿ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಕೊಡಲೇಬೇಕು. ರ‍್ಯಾಂಪು ನೂರು ಅಡಿಗೆ 12ರಿಂದ 15 ಅಡಿ ಇಳಿಯುತ್ತದೆ. ನೀರಿನ ಅಂಚಿನಲ್ಲಿ ಪಾಚಿ ಬೇರೆ. ಗೇರನ್ನು ಪಾರ್ಕಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು ಆಮೇಲೆ ಇಳಿಯಬೇಕು. ಗಾಡಿಯೊಳಗೆ ಮಕ್ಕಳನ್ನು ಕೂರಿಸಿ ಬರಬಾರದು. ಟ್ರೇಲರ್ ಹಿಂದೆ ಯಾರೂ ನಿಲ್ಲಬಾರದು. ಈ ಮಾತು ಬಂದಾಗ ಮಾತ್ರ ಯಾರೂ ನಗಲಿಲ್ಲ.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಹೈವೇಯಲ್ಲಿ ಒಂದು ಗಂಟೆ ಓಡಿದ ಟ್ರೇಲರಿನ ಚಕ್ರದ ಬೇರಿಂಗು ಕಾದಿರುತ್ತದೆ. ಬಂದ ತಕ್ಷಣ ತಣ್ಣೀರಿಗೆ ಇಳಿಸಬಾರದು. ಬಿಸಿ ಅನ್ನ ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿ ತಣ್ಣಗಾದ ಮೇಲೆ ಮುಚ್ಚಳ ಕಚ್ಚಿಕೊಂಡು ಬರುವುದೇ ಇಲ್ಲ, ಅಲ್ವಾ? ಒಳಗಿನ ಗಾಳಿ ಕುಗ್ಗಿ ಎಳೆಯುತ್ತದೆ. ಬೇರಿಂಗ್ ಒಳಗೂ ಅದೇ ಕಥೆ, ಆದರೆ ಅಲ್ಲಿ ಎಳೆಯುವುದು ಕೆರೆಯ ನೀರನ್ನು. ಗ್ರೀಸು ಹಾಳಾಗಿ ಮುಂದೆಂದೋ ನಡುರಸ್ತೆಯಲ್ಲಿ ಚಕ್ರ ಹಿಡಿದುಕೊಳ್ಳುತ್ತದೆ. ಹೇಗೂ ಪಾರ್ಕಿಂಗಿನಲ್ಲಿ ತಯಾರಿ ಮಾಡುತ್ತೇವಲ್ಲ, ಅಷ್ಟರಲ್ಲಿ ಅದೂ ಆರುತ್ತದೆ. ಟ್ರೇಲರ್ ಲೈಟಿನ ವಯರನ್ನೂ ಆಗಲೇ ಬಿಚ್ಚಿಡಬೇಕು. ಹಳೇ ಕಾಲದ ಬಲ್ಬು ಬಿಸಿಯಲ್ಲಿ ನೀರಿಗೆ ಬಿದ್ದರೆ ಟಪ್ಪೆನ್ನುತ್ತದೆ.

"ಹಗ್ಗದ ವಿಷಯ ಯಾರೂ ಎತ್ತಬೇಡಿ" ಎಂದ ಕುಂದಾಪುರ.

ಎತ್ತದೆ ಬಿಡುತ್ತೇವೆಯೇ? ಗಂಗೊಳ್ಳಿ ಬಂದರಿನ ಪಕ್ಕದಲ್ಲೇ ಬೆಳೆದವನು, 'ನಮ್ಮಲ್ಲಿ ಹತ್ತು ಜನ ಸೇರಿ ಐಸಾ ಎಂದು ದೋಣಿ ಎಳೀತಿದ್ರು, ಈ ಡಬ್ಬ ಯಾವ ಲೆಕ್ಕ' ಎನ್ನುತ್ತಿದ್ದವನು. ದೋಣಿಗೆ ಚಂದವಾಗಿ ಹಗ್ಗ ಕಟ್ಟಿದ್ದ. ಇನ್ನೊಂದು ತುದಿ ಧಾರವಾಡನ ಕೈಯಲ್ಲಿದೆ ಎಂದುಕೊಂಡಿದ್ದ. ಧಾರವಾಡ ಅದು ಕುಂದಾಪುರನ ಕೈಯಲ್ಲಿದೆ ಎಂದುಕೊಂಡಿದ್ದ. ಹಗ್ಗ ನೀರಿನಲ್ಲಿತ್ತು. ದೋಣಿ ಗಾಳಿಗೆ ಮೆಲ್ಲಗೆ ಹೊರಟಿತು, ಯಾರನ್ನೂ ಕೇಳದೆ. ಪಕ್ಕದ ದೋಣಿಯವರು ಹಿಡಿದು ತಂದುಕೊಟ್ಟರು, ದಾರಿ ತಪ್ಪಿದ ಕರುವನ್ನು ಮನೆಗೆ ಮುಟ್ಟಿಸಿದ ಹಾಗೆ.

ವಾಪಸ್ ಮೇಲೆ ಎಳೆಯುವುದು ಇದರ ಉಲ್ಟಾ ಅಷ್ಟೇ ಎಂದು ಮಂಡ್ಯ ಹೇಳುತ್ತಾನೆ. ಸುಳ್ಳು. ಟ್ರೇಲರನ್ನು ಜಾಸ್ತಿ ಆಳಕ್ಕೆ ಇಳಿಸಿದರೆ ದೋಣಿ ಅದರ ಮೇಲೆ ಓಲಾಡಿ, ಮೇಲೆ ಬರುವಾಗ ಸೊಟ್ಟ ಕೂರುತ್ತದೆ. ಮಂಡ್ಯ ಎಂಜಿನ್ ಜೋರು ಮಾಡಿ ಹತ್ತಿಸುತ್ತಿದ್ದ. ಹಾಗೆ ಮಾಡಿದರೆ ಪ್ರೊಪೆಲ್ಲರಿನ ರಭಸಕ್ಕೆ ರ‍್ಯಾಂಪು ಮುಗಿಯುವ ಕಡೆ ಮಣ್ಣು ಕೊಚ್ಚಿ ಗುಂಡಿಯಾಗುತ್ತದೆ. ಮುಂದೆ ಬರುವವನ ಟ್ರೇಲರ್ ಚಕ್ರ ಆ ಗುಂಡಿಗೆ ಇಳಿದರೆ ಮುಗಿಯಿತು. ಎಂಜಿನ್ ಆಫ್ ಮಾಡಿ, ವಿಂಚಿನಲ್ಲಿ ನಿಧಾನಕ್ಕೆ ಎಳೆಯುವುದೇ ಸರಿ. ವಿಂಚಿನ ಹಿಡಿಯನ್ನು ಅರ್ಧಕ್ಕೆ ಕೈಬಿಡಬೇಡಿ. ಗಿರ್ರನೆ ಹಿಂದಕ್ಕೆ ತಿರುಗಿದರೆ ಕೈ ಮುರಿಯಬಹುದು. ಹೊರಡುವ ಮುಂಚೆ ಎಂಜಿನ್ನನ್ನು ಮೇಲಕ್ಕೆ ಎತ್ತಿರಬೇಕು, ಇಲ್ಲದಿದ್ದರೆ ಅದರ ಬಾಲ ಕಾಂಕ್ರೀಟಿಗೆ ಉಜ್ಜುತ್ತದೆ. ಆಮೇಲೆ ದೂರ ಹೋಗಿ ನಿಲ್ಲಿಸಿ, ಕಳೆ ಕಿತ್ತು, ನೀರು ಬಸಿದು, ಬಿರಡೆ ತೆಗೆದು…

"ಬಿರಡೆ! ಈ ವರ್ಷ ಬಿರಡೆ ಎಲ್ಲಿಟ್ಟಿದ್ದೀಯೋ?" ಎಂದೆ.

ಮಂಡ್ಯ ಎದೆ ಉಬ್ಬಿಸಿದ. "ದೋಣಿಯ ಕೀಲಿಗೇ ಕಟ್ಟಿಬಿಟ್ಟಿದ್ದೀನಿ. ಕೀಲಿ ತಗೊಂಡ್ರೆ ಬಿರಡೆ ಕಾಣಲೇಬೇಕು. ಮರೆಯೋ ಮಾತೇ ಇಲ್ಲ."

ಒಳ್ಳೆಯ ಉಪಾಯ ಎಂದು ಎಲ್ಲರೂ ಒಪ್ಪಿದೆವು. ಅಪ್ಪಾಜಿಯೂ ತಲೆದೂಗಿದರು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆಯಿತು. ಮಂಡ್ಯನ ಹೆಂಡತಿ ನಿಂತಿದ್ದರು, ಕೈಯಲ್ಲಿ ಒದ್ದೆ ಜೀನ್ಸ್ ಪ್ಯಾಂಟು.

"ರೀ, ಆಗಿಂದ ವಾಷಿಂಗ್ ಮೆಷಿನ್ ಲಟಪಟ ಅಂತಿತ್ತು. ಕೀಲಿ ಸಿಕ್ತು. ಅದರ ಜೊತೆ ಈ ದಾರದ ತುಂಡು. ಇದಕ್ಕೆ ಏನೋ ಕಟ್ಟಿದ್ರಾ?"