200 ಎಂಬಿಪಿಎಸ್ ಲೈನ್: ನೆಟ್‌ಫ್ಲೋ 1200 ಅನ್ನುತ್ತೆ, ಎಸ್‌ಎನ್‌ಎಂಪಿ 85 ಅನ್ನುತ್ತೆ

ಹೇಮಾವತಿ_ನೆಟ್ (ಸಕಲೇಶಪುರ): ಎಸ್ಟೇಟ್ ಆಫೀಸಿನಲ್ಲಿ ಮೈಕ್ರೋಟಿಕ್ ರೂಟರ್. ಇಂಟರ್ನೆಟ್ ಲೈನ್ 100ರಿಂದ 200 ಎಂಬಿಪಿಎಸ್‌ಗೆ ಏರಿಸಿದ ಮೇಲೆ ಎಸ್‌ಎನ್‌ಎಂಪಿ (ರೂಟರಿನ ಬೈಟ್ ಎಣಿಕೆಯನ್ನು ಆಗಾಗ ಕೇಳಿ ಓದುವ ವಿಧಾನ) ಗ್ರಾಫ್ ಕೆಳಗಿಳಿದಿದೆ. ರಾತ್ರಿ ಸಿಸಿಟಿವಿ ಬ್ಯಾಕಪ್ ಲೈನ್ ತುಂಬಾ ಓಡುವಾಗಲೂ 85 ದಾಟಲ್ಲ. ಅದೇ ಹೊತ್ತಲ್ಲಿ ನೆಟ್‌ಫ್ಲೋ (ಒಂದೊಂದು ಕನೆಕ್ಷನ್ನಿನ ಲೆಕ್ಕವನ್ನು ರೂಟರೇ ಕಳಿಸುವ ವಿಧಾನ) ಗ್ರಾಫಿನಲ್ಲಿ ಅರ್ಧ ಗಂಟೆಗೊಮ್ಮೆ 1200ರ ಮೊನೆ, ನಡುವೆ ಖಾಲಿ. ಎಸ್‌ಎನ್‌ಎಂಪಿ ಪೋಲಿಂಗ್ (ಎಣಿಕೆ ಓದೋದು) 5 ನಿಮಿಷಕ್ಕೊಮ್ಮೆ, ನೆಟ್‌ಫ್ಲೋ ದಾಖಲೆ ಹಿಡಿದಿಡುವ ಎನ್‌ಎಫ್‌ಕ್ಯಾಪ್‌ಡಿ ಪ್ರೋಗ್ರಾಮಿನ ಫೈಲೂ 5 ನಿಮಿಷದ್ದೇ. ರೂಟರ್ ಕೆಟ್ಟಿದೆಯಾ?

ಮಲ್ನಾಡ್_ಪ್ಯಾಕೆಟ್: ರೂಟರ್ ಚೆನ್ನಾಗೇ ಇದೆ ಸರ್. ಎರಡು ಬೇರೆ ಬೇರೆ ತೊಂದರೆ ಒಟ್ಟಿಗೆ ಬಂದಿವೆ, ಅಷ್ಟೆ.

85ರ ವಿಷಯ ಮೊದಲು. ನೀವು ಓದುತ್ತಿರೋದು 32 ಬಿಟ್ ಕೌಂಟರ್, ಅಂದರೆ ಹೋದ ಬೈಟುಗಳನ್ನು ಎಣಿಸುವ ಮೀಟರ್. 4,294,967,296 ಬೈಟ್ ಆದ ಕೂಡಲೇ ಅದು ಸೊನ್ನೆಗೆ ಮರಳುತ್ತೆ. 100 ಎಂಬಿಪಿಎಸ್‌ನಲ್ಲಿ ಒಂದು ಸುತ್ತಿಗೆ 344 ಸೆಕೆಂಡ್ ಬೇಕು, ಹಾಗಾಗಿ 300 ಸೆಕೆಂಡಿನ ಪೋಲಿಂಗ್ ಹೇಗೋ ನಡೀತಿತ್ತು. 200ರಲ್ಲಿ 172 ಸೆಕೆಂಡಿಗೇ ಸುತ್ತು ಮುಗಿಯುತ್ತೆ. 5 ನಿಮಿಷಕ್ಕೆ ಹೋಗಿದ್ದು 7.5 ಜಿಬಿ, ಅದರಲ್ಲಿ ಒಂದು ಪೂರ್ತಿ ಸುತ್ತು ಲೆಕ್ಕಕ್ಕೇ ಸಿಗಲ್ಲ. ಉಳಿದ 3.2 ಜಿಬಿಯನ್ನು 300 ಸೆಕೆಂಡಿಗೆ ಹಂಚಿದರೆ ನಿಮ್ಮ 85.

64 ಬಿಟ್ ಕೌಂಟರ್ ಓದಿ, ಅದರ ಎಸ್‌ಎನ್‌ಎಂಪಿ ವಿಳಾಸ (ಓಐಡಿ): ಒಳಬರುವುದಕ್ಕೆ 1.3.6.1.2.1.31.1.1.1.6, ಹೊರಹೋಗುವುದಕ್ಕೆ ಕೊನೆಯ 6ರ ಜಾಗದಲ್ಲಿ 10. ಕೊನೆಗೆ ಇಂಟರ್‌ಫೇಸ್ ಸಂಖ್ಯೆ ಸೇರಿಸಿ. ಎಸ್‌ಎನ್‌ಎಂಪಿ ಆವೃತ್ತಿ 2ಸಿ ಅಥವಾ 3 ಇರಲೇಬೇಕು. ಆವೃತ್ತಿ 1ರಲ್ಲಿ 64 ಬಿಟ್ ಕೌಂಟರ್ ಬರೋದೇ ಇಲ್ಲ. ಹಳೇ ಗ್ರಾಫ್ ಸರಿಮಾಡೋಕಾಗಲ್ಲ. ಹಾಗೇ, ಕಮ್ಯುನಿಟಿ ಹೆಸರು (ಎಸ್‌ಎನ್‌ಎಂಪಿಗೆ ಪಾಸ್‌ವರ್ಡ್ ಇದ್ದಂತೆ) ಇನ್ನೂ 'ಪಬ್ಲಿಕ್' ಇದ್ದರೆ ಬದಲಿಸಿ, ಹೊರಗಿನಿಂದ ಎಸ್‌ಎನ್‌ಎಂಪಿಯ ಪೋರ್ಟ್ ಯುಡಿಪಿ 161 ಮುಚ್ಚಿ.

1200ಕ್ಕೆ ಕಾರಣ ಆಕ್ಟಿವ್ ಫ್ಲೋ ಟೈಮ್‌ಔಟ್, ಅಂದರೆ ಓಡುತ್ತಲೇ ಇರುವ ಕನೆಕ್ಷನ್ನಿನ (ಫ್ಲೋ) ಲೆಕ್ಕವನ್ನು ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕೆಂಬ ಮಿತಿ. ಮೈಕ್ರೋಟಿಕ್‌ನಲ್ಲಿ ಅದು ಮೊದಲಿಂದಲೇ 30 ನಿಮಿಷಕ್ಕಿರುತ್ತೆ. ಬ್ಯಾಕಪ್ ಒಂದೇ ಉದ್ದದ ಕನೆಕ್ಷನ್ ಆದ್ದರಿಂದ ರೂಟರ್ 30 ನಿಮಿಷದ 45 ಜಿಬಿಯನ್ನು ಕೂಡಿಟ್ಟು ಒಂದೇ ದಾಖಲೆಯಾಗಿ ಕಳಿಸುತ್ತೆ. ಅಷ್ಟೂ ಒಂದೇ 5 ನಿಮಿಷದ ಫೈಲಿಗೆ ಬಿದ್ದರೆ 1200 ಆಗದೆ ಇನ್ನೇನು! ಐಪಿ ಮೆನುವಿನ ಟ್ರಾಫಿಕ್ ಫ್ಲೋ ಒಳಗೆ ಹೋಗಿ ಅದನ್ನು 1 ನಿಮಿಷ ಮಾಡಿ. ಇನ್‌ಆಕ್ಟಿವ್ ಟೈಮ್‌ಔಟ್ (ಸುಮ್ಮನಾದ ಕನೆಕ್ಷನ್ನಿನದ್ದು) 15 ಸೆಕೆಂಡ್ ಹಾಗೇ ಇರಲಿ.

ಹೇಮಾವತಿ_ನೆಟ್: ಎರಡೂ ಗ್ರಾಫ್ 200ರ ಹತ್ತಿರ ಬಂದವು. ಆದರೆ ಕರೆಂಟ್ ಹೋಗಿ ಬಂದ ಮೇಲೆ ನೆಟ್‌ಫ್ಲೋ ಫೈಲು ಓದುವ ಎನ್‌ಎಫ್‌ಡಂಪ್‌ನಲ್ಲಿ ಇವತ್ತಿನ ಸಮಯ ಕೊಟ್ಟು ಹುಡುಕಿದರೆ ಏನೂ ಸಿಗಲ್ಲ. ಫೈಲಿನ ಗಾತ್ರ ಮಾತ್ರ ಬೆಳೀತಿದೆ.

ಕೆಮ್ಮಣ್ಣು_ರೂಟ್ (ಚಿಕ್ಕಮಗಳೂರು): ರೂಟರಿನ ಗಡಿಯಾರ ನೋಡಿ. ಬ್ಯಾಟರಿ ಇಲ್ಲದ ಬೋರ್ಡುಗಳಲ್ಲಿ ಕರೆಂಟ್ ಹೋದರೆ ದಿನಾಂಕ ಹಿಂದಕ್ಕೆ ಬೀಳುತ್ತೆ. ಫೈಲಿನ ಹೆಸರು ಕಲೆಕ್ಟರಿನ (ಎನ್‌ಎಫ್‌ಕ್ಯಾಪ್‌ಡಿ ಓಡುವ ಕಂಪ್ಯೂಟರಿನ) ಸಮಯದ್ದು, ಒಳಗಿನ ಫ್ಲೋಗಳ ಸಮಯ ರೂಟರಿನದ್ದು. ಸಮಯದ ಫಿಲ್ಟರ್ ತೆಗೆದು ಓದಿದರೆ ಎಲ್ಲಾ ಅಲ್ಲೇ ಇರುತ್ತೆ. ನೆಟ್‌ವರ್ಕಿನಿಂದ ಸಮಯ ತಗೊಂಡು ಗಡಿಯಾರ ಸರಿಮಾಡುವ ಎನ್‌ಟಿಪಿ ಕ್ಲೈಂಟ್ ಆನ್ ಮಾಡಿ. ಲೈನ್ ಬಂದು ಗಡಿಯಾರ ಸರಿಹೋಗೋವರೆಗಿನ ಫ್ಲೋಗಳು ತಪ್ಪು ದಿನಾಂಕದಲ್ಲೇ ಉಳಿಯುತ್ತವೆ, ಅವನ್ನು ಬಿಟ್ಟುಬಿಡಿ.